ರಾಯಚೂರಿನ ಬಿಸಿಲಿಗೆ ಯಾವ ಸರ್ವರ್?

ನಾವು ಹನ್ನೊಂದು ಮಂದಿ. ಭಾನುವಾರ ಬಂತೆಂದರೆ ಶಾಸನ, ವೀರಗಲ್ಲು ಎಂದು ಮಸ್ಕಿ, ಮುದಗಲ್ಲು, ಕುಕನೂರು ಸುತ್ತುವವರು. ಫೋಟೊಗಳನ್ನು ಎಲ್ಲರಂತೆ ಮೊಬೈಲ್‌ನ ಒಂದು ಗುಂಪಿಗೆ ಹಾಕುತ್ತಿದ್ದೆವು. ಒಮ್ಮೆ ಒಂದು ಸಾಲಿನಲ್ಲಿ ಇರುವುದು ‘ಪ’ವೋ ‘ವ’ವೋ ಎಂದು ಎರಡು ದಿನ ಜಗಳವಾಡಿದೆವು. ಮೂಲ ಚಿತ್ರ ತೆರೆದು ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಚಿತ್ರ ಕುಗ್ಗುವಾಗ ಅಕ್ಷರದ ಗೀರೇ ಮಾಯವಾಗಿತ್ತು. ನಮ್ಮದೇ ಸರ್ವರ್ ಇಟ್ಟುಕೊಳ್ಳೋಣ ಎಂದು ನಾನು ಬಾಯಿ ಬಿಟ್ಟೆ. ಕೆಲಸವೂ ನನ್ನ ತಲೆಗೇ ಬಿತ್ತು. ಒಂದೂವರೆ ವರ್ಷದಲ್ಲಿ ನಾಲ್ಕು ತಂತ್ರಾಂಶ ಹಾಕಿ ನೋಡಿದ್ದೇನೆ. ಉಳಿದದ್ದು ಎರಡು.

ಮೊದಲು ಹಾಕಿದ್ದು ಮಾಸ್ಟೊಡಾನ್, ಟ್ವಿಟರ್‌ನಂಥದೇ, ಆದರೆ ನಮ್ಮದೇ ಸರ್ವರಿನಲ್ಲಿ ನಡೆಸಬಹುದಾದದ್ದು. ತಿಂಗಳಿಗೆ ಎಂಟುನೂರು ರೂಪಾಯಿಯ ಬಾಡಿಗೆ ಸರ್ವರ್, 2 ಜಿಬಿ ಮೆಮೊರಿ. ನೋಡಲು ಚೆನ್ನ, ಬಳಸಲು ಸುಲಭ; ನಮ್ಮ ಗುಂಪಿನ ಹಿರಿಯರಾದ ನಿವೃತ್ತ ಗುರುಗಳು ಅರ್ಧ ಗಂಟೆಯಲ್ಲಿ ಕಲಿತರು. ಆದರೆ ಒಳಗೆ ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಎಂದು ಸಹಾಯಕ ತಂತ್ರಾಂಶಗಳ ದೊಡ್ಡ ಸಂಸಾರ. ಹನ್ನೊಂದು ಜನರಿಗೆ ಇಷ್ಟು ದೊಡ್ಡ ಸಂಸಾರ ಸಾಕುವುದು ಇಬ್ಬರ ಊಟಕ್ಕೆ ಮದುವೆ ಮನೆಯ ಕೊಪ್ಪರಿಗೆ ಒಲೆಗೇರಿಸಿದ ಹಾಗೆ. ಹೊಸ ಆವೃತ್ತಿ ಹಾಕುವಾಗಲೆಲ್ಲ ಮೆಮೊರಿ ಸಾಲದೆ ನಡುವೆಯೇ ನಿಲ್ಲುತ್ತಿತ್ತು. ನಾವು ಹಿಂಬಾಲಿಸುವವರ ಚಿತ್ರಗಳನ್ನೆಲ್ಲ ಅದು ತನ್ನಲ್ಲೂ ನಕಲು ಮಾಡಿ ಇಟ್ಟುಕೊಳ್ಳುತ್ತದೆ. ಕೆಲವು ವಸ್ತುಸಂಗ್ರಹಾಲಯಗಳನ್ನು ಹಿಂಬಾಲಿಸಿದ್ದಕ್ಕೆ ಎರಡು ತಿಂಗಳಲ್ಲಿ ಡಿಸ್ಕ್ ತುಂಬಿತು. ಹಳೆಯದನ್ನು ಅಳಿಸುವ ಆಜ್ಞೆ ಇದೆ, ನಾನು ಮರೆತಿದ್ದೆ. ಇನ್ನು ಅದರ 500 ಅಕ್ಷರಗಳ ಮಿತಿಯೊಳಗೆ ಒಂದು ಶಾಸನದ ಪಾಠ ಹಿಡಿಸುವುದಿಲ್ಲ.

ಆಮೇಲೆ ಹಾಕಿದ್ದು ಅದೇ ಬಗೆಯ ಚಿಕ್ಕ ತಂತ್ರಾಂಶ, ಗೋಟುಸೋಷಿಯಲ್. ಸರ್ವರ್‌ಗಳು ಪರಸ್ಪರ ಮಾತಾಡಲು ಮಾಸ್ಟೊಡಾನ್ ಬಳಸುವ ಆಕ್ಟಿವಿಟಿಪಬ್ ನಿಯಮಾವಳಿಯನ್ನೇ ಇದೂ ಬಳಸುವುದರಿಂದ ಮಾಸ್ಟೊಡಾನ್‌ನವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುತ್ತಾರೆ. ಒಂದೇ ಕಡತ, ಜೊತೆಗೆ ಎಸ್‌ಕ್ಯುಲೈಟ್ ಎಂಬ ಪುಟ್ಟ ದತ್ತಸಂಚಯ, ಅಷ್ಟೇ. ನನ್ನಲ್ಲಿ ಅದರ ಮೆಮೊರಿ ಬಳಕೆ 250 ಎಂಬಿ ದಾಟಿದ್ದು ಅಪರೂಪ. ಪೋಸ್ಟಿಗೆ 5,000 ಅಕ್ಷರ. ಚಿತ್ರದಲ್ಲಿ ಅಡಗಿರುವ ಸ್ಥಳದ ವಿವರವನ್ನು ಇದೂ ಮಾಸ್ಟೊಡಾನ್‌ನಂತೆಯೇ ತೆಗೆದುಹಾಕುತ್ತದೆ. ನಿಧಿಗಳ್ಳರ ಕಾಟ ಕಂಡ ನಮಗೆ ಅದು ಸಣ್ಣ ಮಾತಲ್ಲ. ಕೊರತೆ ಎಂದರೆ ಬರೆಯಲು ತನ್ನದೇ ಪುಟವಿಲ್ಲ, ಟಸ್ಕಿಯಂಥ ಆ್ಯಪ್ ಹಾಕಿಕೊಳ್ಳಬೇಕು. “ಮೊದಲಿನದೇ ಚೆನ್ನಾಗಿತ್ತಲ್ಲ ತಮ್ಮಾ” ಎಂದು ಗುರುಗಳು ಈಗಲೂ ಅನ್ನುತ್ತಾರೆ. ಚಿಕ್ಕ ಸರ್ವರಿನ ಮೌನವೂ ಎರಡರಲ್ಲೂ ಒಂದೇ: ನಮ್ಮಲ್ಲಿ ಯಾರಾದರೂ ಹಿಂಬಾಲಿಸಿದವರ ಮಾತಷ್ಟೇ ಒಳಗೆ ಬರುತ್ತದೆ. ‘ಶಾಸನ’ ಎಂದು ಹುಡುಕಿದರೆ ಮೊದಮೊದಲು ನಮ್ಮ ಮುಖವೇ ನಮಗೆ ಕಾಣುತ್ತಿತ್ತು.

ಗೋಟುಸೋಷಿಯಲ್ ಹಗುರವಾದ್ದರಿಂದ ಬಾಡಿಗೆ ಬಿಟ್ಟು 4 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಮನೆಯಲ್ಲೇ ಇಟ್ಟೆ. ಪಾಠಗಳು ಆಗ ಶುರುವಾದವು. ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ಓಣಿಗೆ ಮಾತ್ರ ದೀಪದ ಬುಡದ ಕತ್ತಲೆ. ಪೈಗೆ ಇನ್ವರ್ಟರ್ ಸಂಪರ್ಕ ಕೊಟ್ಟಿದ್ದೆ, ರೂಟರ್‌ಗೆ ಕೊಟ್ಟಿರಲಿಲ್ಲ! ಇನ್ವರ್ಟರ್ ಕೊಡುವ ಮುನ್ನ ಮೂರು ಸಲ ದಿಢೀರ್ ಕರೆಂಟ್ ಹೋಗಿ ಬಂದದ್ದಕ್ಕೆ ಮೆಮೊರಿ ಕಾರ್ಡ್ ಕೆಟ್ಟಿತು, ಎಸ್‌ಎಸ್‌ಡಿ ತಂದೆ. ಮೇ ತಿಂಗಳಲ್ಲಿ ಪೈಯ ಬಿಸಿ 80 ಡಿಗ್ರಿ ಮುಟ್ಟಿ ಅದು ತಾನಾಗಿಯೇ ನಿಧಾನವಾಗತೊಡಗಿತು. “ಇದಕ್ಕೂ ಒಂದು ಕೂಲರ್ ಬೇಕೇನಪ್ಪಾ?” ಎಂದಳು ಅವ್ವ. ಕೂಲರಿನ ತೇವದ ಗಾಳಿ ಬೇಡವೆಂದು ಸಣ್ಣ ಫ್ಯಾನ್ ಸಿಕ್ಕಿಸಿ, ಅಟ್ಟದಿಂದ ಇಳಿಸಿ ನೀರಿನ ಗಡಿಗೆಯಿಂದ ಎರಡು ಮೊಳ ದೂರದಲ್ಲಿ ಇಟ್ಟಿದ್ದೇನೆ.

ಮನೆಯ ಇಂಟರ್‌ನೆಟ್‌ಗೆ ಸ್ವಂತ ವಿಳಾಸ ಇಲ್ಲದಿರುವುದು ಇನ್ನೊಂದು ತಲೆನೋವು. ಹಲವು ಮನೆಗಳಿಗೆ ಸೇರಿ ಹೊರಗೆ ಕಾಣುವುದು ಒಂದೇ ಐಪಿ, ಹೊರಗಿನವರು ನಮ್ಮ ಬಾಗಿಲು ತಟ್ಟಲಾರರು. ಕೊನೆಗೆ ಅತಿ ಅಗ್ಗದ ಬಾಡಿಗೆ ಸರ್ವರ್ ಒಂದನ್ನು ಹಿಡಿದು, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ತಂತ್ರಾಂಶದಿಂದ ಒಂದು ಖಾಸಗಿ ಸುರಂಗ ಹಾಕಿದೆ. ಹಾಗಾಗಿ ‘ಪೂರ್ತಿ ಮನೆಯದು’ ಎಂದು ನಾನು ಜಂಬ ಕೊಚ್ಚುವಂತಿಲ್ಲ.

ಗುಂಪಿನ ಚಾಟ್‌ಗಾಗಿ ನಾನು ಮೊದಲು ನೋಡಿದ್ದು ಮ್ಯಾಟ್ರಿಕ್ಸ್ ಎಂಬ ವ್ಯವಸ್ಥೆ, ಅದರ ಸಿನಾಪ್ಸ್ ಎಂಬ ಸರ್ವರ್ ತಂತ್ರಾಂಶ. ಸರ್ವರ್ ಮಲಗಿದರೆ ಏನಾಗುತ್ತದೆ ಎಂಬುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಕೋಣೆಯ, ಅಂದರೆ ಚಾಟ್ ಗುಂಪಿನ, ಚರಿತ್ರೆ ಅದರಲ್ಲಿರುವ ಎಲ್ಲ ಸರ್ವರ್‌ಗಳಲ್ಲೂ ಇರುವುದರಿಂದ, ಎದ್ದಮೇಲೆ ತಪ್ಪಿದ್ದನ್ನು ತುಂಬಿಕೊಳ್ಳುತ್ತದೆ. ಆಕ್ಟಿವಿಟಿಪಬ್‌ನಲ್ಲಿ ಕಳಿಸುವವರು ಮತ್ತೆ ಮತ್ತೆ ಯತ್ನಿಸುತ್ತಾರೆ. ಮಾಸ್ಟೊಡಾನ್ ಏಳು ದಿನಗಳಲ್ಲಿ ಸೋತರೆ ನಮ್ಮನ್ನು ಸತ್ತವರ ಲೆಕ್ಕಕ್ಕೆ ಸೇರಿಸುತ್ತದೆ. ಎಕ್ಸ್‌ಎಂಪಿಪಿ ಎಂಬ ಇನ್ನೊಂದು ಚಾಟ್ ನಿಯಮಾವಳಿಯಲ್ಲಿ ಹೊರಗಿನವರ ಸಂದೇಶ ದೋಷದೊಂದಿಗೆ ಅವರಿಗೇ ಮರಳುತ್ತದೆ. ಆದರೂ ಮ್ಯಾಟ್ರಿಕ್ಸ್ ಬಿಟ್ಟೆ. ಒಬ್ಬರು ಸಾವಿರಾರು ಜನರ ಕೋಣೆಯೊಂದಕ್ಕೆ ಸೇರಿದ್ದೇ ತಡ, ಪೈ ಉಸಿರಾಡಲಿಲ್ಲ. ಗುರುಗಳು ಫೋನ್ ಬದಲಿಸಿದಾಗ ಗೂಢಲಿಪಿಯ ಕೀಲಿ ಕಳೆದು ಹಳೆಯ ಸಂದೇಶಗಳೆಲ್ಲ ಓದಲಾಗದಂತಾದವು. ಹಳೆಗನ್ನಡ ಓದಬಲ್ಲವರು ತಾವೇ ಬರೆದದ್ದನ್ನು ಓದಲಾಗದೆ ಕುಳಿತದ್ದು ನೋಡಲಾಗಲಿಲ್ಲ.

ಕೊನೆಗೆ ಹಿಡಿದದ್ದು ಎಕ್ಸ್‌ಎಂಪಿಪಿಯನ್ನೇ. ಅದು 1999ರ ಜಾಬರ್‌ನಿಂದ ಬೆಳೆದದ್ದು, ಹಳೆಯ ಆಲದ ಮರ. ಅದರ ಪ್ರೊಸೊಡಿ ಎಂಬ ಸರ್ವರ್ ತಂತ್ರಾಂಶ ಹಾಕಿದೆ. ಅದು ಓಡುತ್ತಿದೆ ಎನ್ನುವುದೇ ಮರೆತುಹೋಗುವಷ್ಟು ಹಗುರ. ಫೋನಿನಲ್ಲಿ ಬಳಸುವ ಕಾನ್ವರ್ಸೇಷನ್ಸ್ ಆ್ಯಪ್‌ನಲ್ಲಿ ಚಿತ್ರ ಕುಗ್ಗಿಸಬೇಡ ಎಂದು ಹೇಳಿದರೆ ಕುಗ್ಗಿಸುವುದಿಲ್ಲ. ಗುಂಪಿನಲ್ಲಿರುವ ಏಕೈಕ ಐಫೋನ್‌ನವರಿಗೆ ಸೂಚನೆ ತಡವಾಗಿ ಬರುತ್ತದೆ ಎಂಬ ದೂರು ಹಾಗೆಯೇ ಇದೆ.

ಹೊಸಬರಿಗೆ ಒಂದು ಮಾತು: ಡೊಮೇನ್ ಹೆಸರನ್ನು ಯೋಚಿಸಿ ಆರಿಸಿ. ನಾನು ಮೊದಲ ವರ್ಷ ಅಗ್ಗವೆಂದು ಒಂದನ್ನು ಹಿಡಿದು, ನವೀಕರಣದ ದರ ಕಂಡು ಬಿಟ್ಟೆ. ಹೆಸರು ಬದಲಾದರೆ ಫೆಡಿವರ್ಸ್‌ಗೆ, ಅಂದರೆ ಹೀಗೆ ಒಂದಕ್ಕೊಂದು ಬೆಸೆದ ಸರ್ವರ್‌ಗಳ ಲೋಕಕ್ಕೆ, ನೀವು ಬೇರೆಯೇ ವ್ಯಕ್ತಿ; ಹಿಂಬಾಲಕರನ್ನು ಕರೆದೊಯ್ಯಬಹುದು, ಹಳೆಯ ಬರಹಗಳು ಬರುವುದಿಲ್ಲ. ನಮ್ಮ ಕೋಟೆ ಗೋಡೆಯ 1294ರ ಶಾಸನಕ್ಕೆ ಈ ತಾಪತ್ರಯವಿಲ್ಲ.

ಈಗ ಗೋಟುಸೋಷಿಯಲ್, ಪ್ರೊಸೊಡಿ ಎರಡೂ ಒಂದೇ ಪೈಯಲ್ಲಿವೆ. ವಾರಕ್ಕೊಮ್ಮೆ ನಕಲು ಗಂಗಾವತಿಯ ಗೆಳೆಯನ ಮನೆಯ ಡಿಸ್ಕ್‌ಗೆ ಹೋಗುತ್ತದೆ. ನಾನು ಊರಲ್ಲಿಲ್ಲದಾಗ ಪೈಯ ಹೊಣೆ ಅವ್ವನದು. ಹಸಿರು ದೀಪ ಮಿನುಗದೆ ಕೆಂಪು ಮಾತ್ರ ಇದ್ದರೆ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಬೇಕು. ಕಳೆದ ತಿಂಗಳು ಎರಡು ಸಲ ಎಣಿಸಿದ್ದಾಳೆ.