ರಾತ್ರಿ ಹೊತ್ತು "24 ಗಂಟೆ ಪಶು ಚಿಕಿತ್ಸೆ" ಹುಡುಕುವವರೇ, ಮೊದಲು ಡಾಕ್ಟರ ದನಿ ಕೇಳಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಅಡಿಕೆ ಕೊಡುವ ಮೊದಲು ನಾಲ್ಕು ಮಂಡಿಗೆ ಫೋನ್ ಮಾಡಿ ರೇಟ್ ಕೇಳುವವನು ನಾನು. ಅಂಥವನು ಒಂದೇ ಒಂದು ಫೋನ್ ನಂಬಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಹೋಗಿ, ಮುಚ್ಚಿದ ಶಟರ್ ಮುಂದೆ ನಿಂತೆ.

ಹೋದ ವಾರ ರಾತ್ರಿ ಹತ್ತು ಗಂಟೆ ಹೊತ್ತಿಗೆ ನಮ್ಮ ನಾಯಿ ಕರಿಯ ಕೊಟ್ಟಿಗೆ ಹಿಂದಿನಿಂದ ಕುಂಯ್‌ಗುಡುತ್ತಾ ಬಂದ. ಮೂತಿ ಊದಿತ್ತು, ರಕ್ತ ಜಿನುಗುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸೌದೆ ರಾಶಿ ಪಕ್ಕ ಕೊಳಕುಮಂಡಲ. ಕೈ ನಡುಗುತ್ತಾ ಮೊಬೈಲ್ ಮ್ಯಾಪ್ ತೆಗೆದೆ. ಮೊದಲನೇದೇ "ತುರ್ತು ಪಶು ಚಿಕಿತ್ಸೆ, 24 ಗಂಟೆ ತೆರೆದಿದೆ". ನಾಲ್ಕೂವರೆ ಸ್ಟಾರ್ ಬೇರೆ.

"ಬನ್ನಿ ಬನ್ನಿ ಸರ್, ಡಾಕ್ಟರ್ ಇದ್ದಾರೆ."

"ಹಾವು ಕಡಿದಿದೆ, ಇಂಜೆಕ್ಷನ್ ಇದೆಯಾ?"

"ಎಲ್ಲಾ ಇದೆ ಸರ್. ಒಂದು 1,500 ಹಾಕಿಬಿಡಿ, ಟೋಕನ್ ಮಾಡ್ತೀವಿ. ಬಿಲ್ಲಲ್ಲಿ ಕಳೀತೀವಿ."

ಇಲ್ಲೇ ನೋಡಿ ನಾನು ಬಿದ್ದದ್ದು. ಯಾವ ಪಶು ಡಾಕ್ಟರು ಹೀಗೆ ಮುಂಗಡ ಕೇಳುತ್ತಾರೆ? ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ನಮ್ಮೂರಿಗೆ ಬರುವವರು ಇಂಜೆಕ್ಷನ್ ಕೊಟ್ಟು, ಕೈ ತೊಳೆದು, ಕಾಫಿ ಕುಡಿದ ಮೇಲಲ್ವಾ ದುಡ್ಡಿನ ಮಾತು? ಗೊತ್ತಿದ್ದೂ ಹಾಕಿದೆ. "ಡಾಕ್ಟರ ಹತ್ರ ಒಂದು ಮಾತಾಡಿ" ಅಂದಳು ಇವಳು. ಸುಮ್ನಿರು ಅಂದೆ. ಆ ಸುಮ್ನಿರು ಈಗಲೂ ಕಿವಿಯಲ್ಲಿದೆ.

ಮಂಡಗದ್ದೆ ಕಾಡಿನ ದಾರಿಯುದ್ದಕ್ಕೂ ಅವನ ತಲೆ ಇವಳ ತೊಡೆ ಮೇಲೆ. ಗಾಜನೂರು ದಾಟಿ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮ್ಯಾಪ್ "ತಲುಪಿದ್ದೀರಿ" ಅಂದ ಜಾಗದಲ್ಲಿ ಇದ್ದದ್ದು ಬಣ್ಣದ ಮೀನು, ನಾಯಿ ಬೆಲ್ಟು, ಶಾಂಪೂ ಮಾರುವ ಅಂಗಡಿ. ಬೋರ್ಡಿನ ಮೇಲಿನ ನಂಬರೇ ಬೇರೆ!

ವಾಟ್ಸಾಪಲ್ಲಿ ಕೇಳಿದೆ. "ಡಾಕ್ಟರ್ ಎಮರ್ಜೆನ್ಸಿ ಕೇಸಿಗೆ ಹೋಗಿದ್ದಾರೆ" ಅಂತ ಬಂತು. ನಮ್ಮದೇನು ಮತ್ತೆ, ಶಾಂಪೂ ಕೇಸಾ? "ಇನ್ನೊಂದು 2,000 ಹಾಕಿ, ಬೇರೆ ಡಾಕ್ಟರ್ ಕಳಿಸ್ತೀವಿ." ಬಾಯಿಗೆ ಬಂದ ಹಾಗೆ ಬರೆದೆ. "ಸರ್, ಮಾತು ಸರಿಯಾಗಿರಲಿ." ಅಷ್ಟು ಹೇಳಿ ಬ್ಲಾಕ್ ಮಾಡಿದ. ನನ್ನ ಮಾತು ಸರಿಯಾಗಿರಬೇಕಂತೆ!

ಕೊನೆಗೆ ಭಾವನಿಗೆ ಫೋನ್ ಮಾಡಿದೆ. "ಮಾರಾಯ, ಡಾಕ್ಟರ ಮನೆ ಮುಂದಿಂದಲೇ ಕಾರ್ ಓಡಿಸ್ಕೊಂಡು ಹೋಗಿದ್ಯಲ್ಲ!" ಅಂದ. ತೀರ್ಥಹಳ್ಳಿಯಲ್ಲೇ ಇದ್ದರು. ಭಾವ ಅವರನ್ನು ಎಬ್ಬಿಸಿ, ಅವರು ಶಿವಮೊಗ್ಗದ ತಮ್ಮ ಗೆಳೆಯರನ್ನು ಎಬ್ಬಿಸಿ, ಒಂದು ಗಂಟೆ ಹೊತ್ತಿಗೆ ಡ್ರಿಪ್ ಹತ್ತಿತು. ಹಾವಿನ ವಿಷಕ್ಕೆ ನಾಯಿಗೂ ಮನುಷ್ಯರಿಗೆ ಕೊಡುವ ಇಂಜೆಕ್ಷನ್ನೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಆದರೆ ತಡವಾದಷ್ಟೂ ವಿಷ ತನ್ನ ಕೆಲಸ ಮಾಡಿರುತ್ತದೆ. ಕರಿಯ ಉಳಿದ. ಒಂದು ಕಡೆ ಕೆನ್ನೆ ಕೊಳೆತು ಹೋಗಿದೆ, ದಿನಾ ಡ್ರೆಸ್ಸಿಂಗ್.

ಮರುದಿನ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಅಂಗಡಿಯವನ ಮಾತು ನೋಡಿ. "ಅದು ನಮ್ಮ ನಂಬರಲ್ಲ ಸರ್, ಯಾರೋ ಬದಲಾಯಿಸಿದ್ದಾರೆ. ಹದಿನೈದು ದಿನದಿಂದ ಜನ ಬಂದು ಬೈತಿದ್ದಾರೆ." ಹದಿನೈದು ದಿನ! ಶಟರಿಗೆ ಒಂದು ಚೀಟಿ ಅಂಟಿಸೋಕೆ ಆಗಲಿಲ್ವಾ? "ನಾವು ಆಸ್ಪತ್ರೆ ಅಂತ ಎಲ್ಲೂ ಹೇಳಿಲ್ವಲ್ಲ ಸರ್" ಅಂದ.

ಮ್ಯಾಪಿನಲ್ಲಿ ನಂಬರು, ಸಮಯ ತಿದ್ದಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಸ್ಟಾರ್ ಕೊಟ್ಟವರ ಮಾತನ್ನಾದರೂ ಓದಬೇಕಿತ್ತು. ಎಲ್ಲಾ ಮೀನಿನ ವಿಷಯ.

ಈಗಲೇ, ಹಗಲಲ್ಲೇ, ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ ನಂಬರ್ ಇಟ್ಟುಕೊಳ್ಳಿ. ರಾತ್ರಿ ಯಾರು ಸಿಗುತ್ತಾರೆ, ಹಾವಿನ ಇಂಜೆಕ್ಷನ್ ಎಲ್ಲಿರುತ್ತದೆ, ಅದನ್ನೂ ಕೇಳಿ. ದನಕರುವಿಗಾದರೆ ಪಶು ಸಹಾಯವಾಣಿ 1962 ಇದೆ. ಡಾಕ್ಟರೇ ಫೋನಿಗೆ ಬಂದು ಮಾತಾಡದೆ ಕಾರ್ ಹತ್ತಬೇಡಿ, ಒಂದು ರೂಪಾಯಿ ಹಾಕಬೇಡಿ. ಹಾಕಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮಾಡಿದ್ದು ಮರುದಿನ ಮಧ್ಯಾಹ್ನ. ಅಷ್ಟೊತ್ತಿಗೆ ದುಡ್ಡು ಎಲ್ಲಿಗೆ ಹೋಗಿತ್ತೋ.

ನಿನ್ನೆ ಮೊಬೈಲಲ್ಲಿ ಮ್ಯಾಪೇ ಒಂದು ಪ್ರಶ್ನೆ ಕಳಿಸಿದೆ, ಆ ಅಂಗಡಿ ಹೆಸರು ಹಾಕಿ: "ನಿಮ್ಮ ಭೇಟಿ ಹೇಗಿತ್ತು?" ಉತ್ತರ ಬರೆಯುತ್ತಾ ಕೂತಿದ್ದೆ. ಇವಳು ಓದಿ, ಅದನ್ನು ಅಳಿಸಿ ಬೇರೆ ಬರಿ ಅಂದಳು.