ವೆಂಟಾಯ್, ರೂಫಸ್, ಎಚರ್: ಬೂಟಬಲ್ ಪೆನ್ ಡ್ರೈವ್‌ಗೆ ನನ್ನ ಆಯ್ಕೆ ಯಾಕೆ ವೆಂಟಾಯ್

ಕಂಪ್ಯೂಟರ್ ತನ್ನ ಡಿಸ್ಕ್ ಬದಲು ಪೆನ್ ಡ್ರೈವ್‌ನಿಂದಲೇ ಶುರುವಾಗುವ (ಬೂಟ್ ಆಗುವ) ಹಾಗೆ ಮಾಡಿಕೊಡುವ ಸಾಫ್ಟ್‌ವೇರ್‌ಗಳು ಈ ಮೂರೂ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೆಂಟಾಯ್‌ಗೆ. ಅದಕ್ಕೂ ಒಂದು ದೊಡ್ಡ ಕಿರಿಕಿರಿ ಇದೆ. ಅದನ್ನು ವಿವರವಾಗಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿರುವವರ ಕಂಪ್ಯೂಟರ್ ಕೈಕೊಟ್ಟರೆ ಸಾಮಾನ್ಯವಾಗಿ ಫೋನ್ ಬರುವುದು ನನಗೆ. ಒಬ್ಬರಿಗೆ ವಿಂಡೋಸ್ ಹೊಸದಾಗಿ ಹಾಕಬೇಕು, ಇನ್ನೊಬ್ಬರ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಬೇಕು, ಮತ್ತೊಬ್ಬರದು ವಿಂಡೋಸೇ ಏಳುತ್ತಿಲ್ಲ, ಒಳಗಿರುವ ಫೋಟೋ ಮಾತ್ರ ಹೇಗಾದರೂ ಹೊರಗೆ ತೆಗೆದುಕೊಡಿ ಅನ್ನುತ್ತಾರೆ. ಇದಕ್ಕೆಲ್ಲ ಮೊದಲು 8 ಜಿಬಿ, 16 ಜಿಬಿಯ ಚಿಕ್ಕ ಚಿಕ್ಕ ಪೆನ್ ಡ್ರೈವ್‌ಗಳನ್ನು ಇಟ್ಟುಕೊಂಡಿದ್ದೆ. ಯಾವುದರಲ್ಲಿ ಏನಿದೆ ಅಂತ ಮೇಲೆ ಚೀಟಿ ಅಂಟಿಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಹೊಸ ಐಎಸ್‌ಒ (ವಿಂಡೋಸ್, ಲಿನಕ್ಸ್‌ಗಳನ್ನು ಇಡಿಯಾಗಿ ತುಂಬಿಕೊಡುವ ಒಂದೇ ಫೈಲ್) ಬರೆದಾಗಲೆಲ್ಲ ಹಳೆಯದು ಅಳಿಸಿಹೋಗುತ್ತದೆ, ಬೇಕಾದ ಹೊತ್ತಿಗೆ ಬೇಕಾದದ್ದು ಇರುವುದಿಲ್ಲ. ಕೊನೆಗೆ 128 ಜಿಬಿಯ ಒಂದು ಒಳ್ಳೆಯ ಯುಎಸ್‌ಬಿ 3 ಪೆನ್ ಡ್ರೈವ್ ತಗೊಂಡು ಅದಕ್ಕೆ ವೆಂಟಾಯ್ ಹಾಕಿದೆ. ಈ ಕೆಲಸಕ್ಕೆ ನಾನು ಖರ್ಚು ಮಾಡಿದ್ದರಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಇಲ್ಲಿ ಹೇಳುವ ಸಾಫ್ಟ್‌ವೇರ್‌ಗಳೆಲ್ಲ ಉಚಿತ. ಹಾಗಾಗಿ ದುಡ್ಡಿನ ಪ್ರಶ್ನೆ ಬರುವುದು ಪೆನ್ ಡ್ರೈವ್‌ನಲ್ಲಿ ಮಾತ್ರ. ದೊಡ್ಡದು ಕೊಳ್ಳುವುದಾದರೆ ತಂದ ತಕ್ಷಣ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಚಿಕ್ಕ ಪ್ರೋಗ್ರಾಮ್ ಓಡಿಸಿ ನೋಡಿ. ಡ್ರೈವ್ ತುಂಬ ಡೇಟಾ ಬರೆದು, ವಾಪಸ್ ಓದಿ, ಹೇಳಿದಷ್ಟು ಜಾಗ ನಿಜವಾಗಿ ಇದೆಯಾ ಅಂತ ಅದು ಹೇಳುತ್ತದೆ. ನಕಲಿ ಡ್ರೈವ್‌ಗಳು 128 ಜಿಬಿ ಅಂತ ತೋರಿಸುತ್ತವೆ, ಒಳಗೆ ಅಷ್ಟು ಇರುವುದಿಲ್ಲ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಐಎಸ್‌ಒಗಳು ಸದ್ದಿಲ್ಲದೆ ಕೆಟ್ಟಿರುತ್ತವೆ, ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗಲೇ ನಿಮಗೆ ಗೊತ್ತಾಗುವುದು.

ವೆಂಟಾಯ್ ಕೆಲಸ ಮಾಡುವ ರೀತಿಯೇ ಬೇರೆ. ರೂಫಸ್ ಆಗಲಿ ಎಚರ್ ಆಗಲಿ ಐಎಸ್‌ಒ ಒಳಗಿರುವುದನ್ನು ಪೆನ್ ಡ್ರೈವ್ ಮೇಲೆ ಬರೆಯುತ್ತವೆ. ವೆಂಟಾಯ್ ಒಂದೇ ಸಲ ಡ್ರೈವ್ ಅನ್ನು ಎರಡು ಭಾಗ ಮಾಡುತ್ತದೆ: ದೊಡ್ಡದು ಎಕ್ಸ್‌ಫ್ಯಾಟ್ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಇಡುವ ಒಂದು ಪದ್ಧತಿ), ಕೊನೆಯಲ್ಲಿ 32 ಎಂಬಿಯ ಇನ್ನೊಂದು ಪುಟ್ಟ ಭಾಗ. ಆಮೇಲೆ ಐಎಸ್‌ಒ ಫೈಲ್‌ಗಳನ್ನು ದೊಡ್ಡ ಭಾಗಕ್ಕೆ ಸುಮ್ನೆ ಕಾಪಿ ಮಾಡಿದರೆ ಸಾಕು. ಬೂಟ್ ಮಾಡಿದಾಗ ಅವೆಲ್ಲ ಪಟ್ಟಿಯಾಗಿ ಬರುತ್ತವೆ, ಬೇಕಾದ್ದನ್ನು ಆರಿಸಿ ಎಂಟರ್ ಒತ್ತಿ. ಬೇಡವಾದ್ದನ್ನು ಡಿಲೀಟ್ ಮಾಡಿ, ಹೊಸ ಆವೃತ್ತಿ ಬಂದರೆ ಅದನ್ನು ಕಾಪಿ ಮಾಡಿ. ಅದೇ ಡ್ರೈವ್‌ನಲ್ಲಿ ನಿಮ್ಮ ಮಾಮೂಲಿ ಫೈಲ್‌ಗಳೂ ಇರಬಹುದು. ನಾನು ವೈಫೈ ಡ್ರೈವರ್‌ಗಳನ್ನೂ ಇಂಟೆಲ್‌ನ ಸ್ಟೋರೇಜ್ ಡ್ರೈವರ್‌ಗಳನ್ನೂ ಅದರಲ್ಲೇ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಇಂಟೆಲ್ ವಿಎಮ್‌ಡಿ (ಡಿಸ್ಕ್‌ಗಳನ್ನು ನೋಡಿಕೊಳ್ಳುವ ಇಂಟೆಲ್‌ನ ವ್ಯವಸ್ಥೆ) ಆನ್ ಆಗಿರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿಯೇ ಪಟ್ಟಿಯಲ್ಲಿ ಕಾಣದೇ ಇರಬಹುದು. ಆಗ ‘ಲೋಡ್ ಡ್ರೈವರ್’ ಒತ್ತಿ ಈ ಫೋಲ್ಡರ್ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ.

ಈಗ ಆ ಕಿರಿಕಿರಿಯ ವಿಷಯ. ಅದರ ಹೆಸರು ಸೆಕ್ಯೂರ್ ಬೂಟ್.

ಈಚಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಆಗಿಯೇ ಬರುತ್ತದೆ. ನಂಬಿಕಸ್ತ ಸಹಿ ಇರುವ ಬೂಟ್ ಪ್ರೋಗ್ರಾಮ್ ಮಾತ್ರ ಓಡಬೇಕು ಅನ್ನುವುದು ಅದರ ನಿಯಮ. ವೆಂಟಾಯ್ ಹಾಕಿದ ಪೆನ್ ಡ್ರೈವ್ ಅನ್ನು ಇಂಥ ಯಂತ್ರಕ್ಕೆ ಮೊದಲ ಸಲ ಚುಚ್ಚಿ ಬೂಟ್ ಮಾಡಿದರೆ ವೆಂಟಾಯ್ ಪಟ್ಟಿಯೇ ಬರುವುದಿಲ್ಲ. ಅದರ ಬದಲು ‘ವೆರಿಫಿಕೇಶನ್ ಫೇಲ್ಡ್, ಸೆಕ್ಯೂರಿಟಿ ವಯೊಲೇಶನ್’ ಅಂತ ಒಂದು ಪೆಟ್ಟಿಗೆ ಬರುತ್ತದೆ. ಅಲ್ಲಿಯೇ ಎಷ್ಟೋ ಜನ ಪೆನ್ ಡ್ರೈವ್ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಪೆನ್ ಡ್ರೈವ್‌ಗೆ ಏನೂ ಆಗಿರುವುದಿಲ್ಲ. ವೆಂಟಾಯ್‌ನ ಕೀಲಿ, ಅಂದರೆ ಅದರ ಸಹಿಯನ್ನು ಗುರುತಿಸುವ ಫೈಲ್, ಆ ಯಂತ್ರಕ್ಕೆ ಇನ್ನೂ ಪರಿಚಯವಿಲ್ಲ, ಅಷ್ಟೇ.

ಆ ಪೆಟ್ಟಿಗೆಯಲ್ಲಿ ಓಕೆ ಒತ್ತಿ. ಮೋಕ್ ಮ್ಯಾನೇಜ್‌ಮೆಂಟ್‌ಗೆ (ಯಂತ್ರದ ಮಾಲೀಕರು ಒಪ್ಪಿದ ಕೀಲಿಗಳನ್ನು ಸೇರಿಸುವ ಜಾಗ) ಯಾವುದಾದರೂ ಕೀ ಒತ್ತಿ ಅಂತ ಇನ್ನೊಂದು ಪರದೆ ಬರುತ್ತದೆ, ಅದರಲ್ಲಿ ಸೆಕೆಂಡುಗಳ ಎಣಿಕೆ ಓಡುತ್ತಿರುತ್ತದೆ. ಅದು ಮುಗಿಯುವ ಮೊದಲೇ ಒಂದು ಕೀ ಒತ್ತಬೇಕು. ಮುಂದೆ ಬರುವ ಪಟ್ಟಿಯಲ್ಲಿ ‘ಎನ್‌ರೋಲ್ ಕೀ ಫ್ರಂ ಡಿಸ್ಕ್’ ಆರಿಸಿ. ಅದರ ಪಕ್ಕದಲ್ಲೇ ‘ಎನ್‌ರೋಲ್ ಹ್ಯಾಶ್ ಫ್ರಂ ಡಿಸ್ಕ್’ ಅಂತಲೂ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಹ್ಯಾಶ್ ಅಂದರೆ ಒಂದು ಫೈಲ್‌ನ ಗುರುತು, ವೆಂಟಾಯ್ ಅಪ್‌ಡೇಟ್ ಆಗಿ ಆ ಫೈಲ್ ಬದಲಾದರೆ ಮತ್ತೆ ಅದೇ ಕಥೆ. ಕೀ ಆರಿಸಿದ ಮೇಲೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ, ವಿಟಾಯ್‌ಇಎಫ್ಐ ಅನ್ನುವುದನ್ನು ತೆರೆಯಿರಿ. ಆ 32 ಎಂಬಿಯ ಭಾಗ ಅಂದೆನಲ್ಲ, ಅದೇ ಇದು. ಅದರೊಳಗೆ ‘ಎನ್‌ರೋಲ್ ದಿಸ್ ಕೀ’ ಅಂತ ಶುರುವಾಗುವ ಉದ್ದ ಹೆಸರಿನ ಫೈಲ್ ಇರುತ್ತದೆ. ಅದನ್ನು ಆರಿಸಿ, ಕಂಟಿನ್ಯೂ, ಯೆಸ್, ರೀಬೂಟ್. ಈ ಸಲ ವೆಂಟಾಯ್ ಪಟ್ಟಿ ಬರುತ್ತದೆ.

ಇಷ್ಟನ್ನು ಒಂದು ಯಂತ್ರದಲ್ಲಿ ಒಂದೇ ಸಲ ಮಾಡಿದರೆ ಸಾಕು ಅನ್ನುತ್ತಾರೆ, ಅದು ನಿಜ. ಆದರೆ ಆ ಕೀಲಿ ಉಳಿಯುವುದು ಯಂತ್ರದ ಮೆಮೊರಿಯಲ್ಲಿ, ಪೆನ್ ಡ್ರೈವ್‌ನಲ್ಲಿ ಅಲ್ಲ. ನನ್ನ ಡ್ರೈವ್ ಊರೆಲ್ಲ ಸುತ್ತುವಂಥದ್ದು, ಅದು ಹೋಗುವ ಕಂಪ್ಯೂಟರ್ ಪ್ರತಿ ಸಲ ಹೊಸದೇ. ಹಾಗಾಗಿ ಈ ಪರದೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಅದೂ ಅಲ್ಲದೆ ಇದು ಬೇರೆಯವರ ಯಂತ್ರದಲ್ಲಿ ಒಂದು ಕೀಲಿಯನ್ನು ಬಿಟ್ಟುಬಂದ ಹಾಗೆ, ಇನ್ನು ಮುಂದೆ ಯಾರು ವೆಂಟಾಯ್ ಡ್ರೈವ್ ಚುಚ್ಚಿದರೂ ಅದು ಬೂಟ್ ಆಗುತ್ತದೆ. ಅವರನ್ನು ಕೇಳಿಯೇ ಮಾಡುತ್ತೇನೆ. ಆಫೀಸು ಕೊಟ್ಟ ಲ್ಯಾಪ್‌ಟಾಪ್ ಆದರೆ ನಾನು ಇದನ್ನು ಮಾಡುವುದೇ ಇಲ್ಲ, ನೀವೂ ಮಾಡಬೇಡಿ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಒಂದು ಬಾಗಿಲು ಇದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಸೆಟ್ಟಿಂಗ್‌ಗಳಲ್ಲಿ) ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಸರ್ಟಿಫಿಕೇಟ್ ಅನ್ನು ಒಪ್ಪಬೇಕಾ ಅನ್ನುವ ಆಯ್ಕೆ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡುವ ತನಕ ಮೇಲೆ ಹೇಳಿದ ಪರದೆಯೂ ಬರುವುದಿಲ್ಲ, ಪೆನ್ ಡ್ರೈವ್ ಬೂಟ್ ಆಗುವುದೇ ಇಲ್ಲ.

‘ಇಷ್ಟೆಲ್ಲ ಯಾಕೆ, ಸೆಕ್ಯೂರ್ ಬೂಟ್ ಆಫ್ ಮಾಡಿದರಾಯ್ತು’ ಅಂತ ಸಲಹೆ ಕೊಡುವವರು ತುಂಬಾ ಜನ. ಇಲ್ಲಿ ಸ್ವಲ್ಪ ನಿಲ್ಲಿ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದ ಹಾಗೆ) ಆಗಿರುತ್ತದೆ, ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ. ಸೆಕ್ಯೂರ್ ಬೂಟ್ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ ಏಳುವಾಗ ಆ ಎನ್‌ಕ್ರಿಪ್ಶನ್‌ನ, ಅಂದರೆ ಬಿಟ್‌ಲಾಕರ್‌ನ, ರಿಕವರಿ ಕೀ ಕೇಳಬಹುದು. ಅದು 48 ಅಂಕಿಗಳ ಸಂಖ್ಯೆ. ಸಾಮಾನ್ಯವಾಗಿ ಅದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ? ಡೇಟಾ ಒಳಗೇ ಉಳಿಯಿತು ಅಂತ ಅರ್ಥ. ಅದಕ್ಕೇ ಬಯಾಸ್‌ಗೆ ಕೈ ಹಾಕುವ ಮೊದಲು ಬೇರೆ ಫೋನಿನಿಂದ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಕಾಣುತ್ತದಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನನಗಂತೂ ಸೆಕ್ಯೂರ್ ಬೂಟ್ ಆಫ್ ಮಾಡುವುದಕ್ಕಿಂತ ಕೀಲಿ ಸೇರಿಸುವುದೇ ಎಷ್ಟೋ ವಾಸಿ ಅನಿಸುತ್ತದೆ.

ಇನ್ನು ರೂಫಸ್. ವೆಂಟಾಯ್ ಸಿಗುವ ಮೊದಲು ನನ್ನ ಕೆಲಸವೆಲ್ಲ ನಡೆದದ್ದು ಇದರಲ್ಲೇ, ಈಗಲೂ ಇದರ ಮೇಲೆ ತುಂಬಾ ಗೌರವ ಇದೆ. ಒಂದೇ ಪುಟ್ಟ ಫೈಲ್, ಇನ್‌ಸ್ಟಾಲ್ ಮಾಡುವ ತಲೆನೋವಿಲ್ಲ, ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ. ಬರೀ ವಿಂಡೋಸ್ ಹಾಕುವುದೇ ಕೆಲಸ ಆದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಪೆನ್ ಡ್ರೈವ್‌ಗಳ ಹಳೆಯ ಫೈಲ್ ಪದ್ಧತಿಯಾದ ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರುವಂತಿಲ್ಲ, ಈಗಿನ ವಿಂಡೋಸ್ ಐಎಸ್‌ಒ ಒಳಗಿರುವ ಇನ್‌ಸ್ಟಾಲ್ ಡಾಟ್ ವಿಮ್ ಅದನ್ನು ಮೀರುತ್ತದೆ. ಐಎಸ್‌ಒ ತೆರೆದು ಫೈಲ್‌ಗಳನ್ನು ಕೈಯಾರೆ ಕಾಪಿ ಮಾಡಲು ಹೋದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ರೂಫಸ್ ಡ್ರೈವ್ ಅನ್ನು ಎನ್‌ಟಿಎಫ್‌ಎಸ್ (ದೊಡ್ಡ ಫೈಲ್‌ಗಳನ್ನು ಹಿಡಿಸುವ ವಿಂಡೋಸ್‌ನ ಪದ್ಧತಿ) ಮಾಡಿ, ಯುಇಎಫ್ಐ (ಹಳೆಯ ಬಯಾಸ್‌ನ ಜಾಗದಲ್ಲಿ ಬಂದ ಹೊಸ ವ್ಯವಸ್ಥೆ) ಅದನ್ನು ಓದುವ ಹಾಗೆ ಒಂದು ಪುಟಾಣಿ ಭಾಗವನ್ನೂ ಸೇರಿಸಿಕೊಡುತ್ತದೆ. 2021ರಿಂದ ಆ ಭಾಗಕ್ಕೆ ಸೆಕ್ಯೂರ್ ಬೂಟ್ ಒಪ್ಪುವ ಸಹಿಯೂ ಇದೆ, ಹಾಗಾಗಿ ವೆಂಟಾಯ್ ತರಹ ಕೀಲಿ ಸೇರಿಸುತ್ತಾ ಕೂರಬೇಕಿಲ್ಲ. ಸ್ಟಾರ್ಟ್ ಒತ್ತಿದಾಗ ಬರುವ ಚಿಕ್ಕ ಪೆಟ್ಟಿಗೆಯೂ ಉಪಯುಕ್ತ: ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ತಪಾಸಣೆ ಬೇಡ, ಮೈಕ್ರೋಸಾಫ್ಟ್ ಖಾತೆ ಬೇಡ ಅಂತೆಲ್ಲ ಅಲ್ಲೇ ಟಿಕ್ ಮಾಡಬಹುದು. ಖಾತೆಯ ಆಯ್ಕೆ ಕೆಲಸ ಮಾಡಬೇಕಾದರೆ ಇನ್‌ಸ್ಟಾಲ್ ಹೊತ್ತಿನಲ್ಲಿ ಇಂಟರ್ನೆಟ್ ಸಿಗದ ಹಾಗೆ ನೋಡಿಕೊಳ್ಳಿ.

ಹಾಗಾದರೆ ಅದನ್ನು ಬಿಟ್ಟದ್ದು ಯಾಕೆ? ಒಂದು ಡ್ರೈವ್‌ಗೆ ಒಂದೇ ಐಎಸ್‌ಒ. ಜೊತೆಗೆ ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ನನ್ನ ಮನೆಯ ಕಂಪ್ಯೂಟರ್ ಲಿನಕ್ಸ್.

ಎಚರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಬರೆದ ಮೇಲೆ ಸರಿಯಾಗಿ ಬರೆದಿದೆಯಾ ಅಂತ ತಾನೇ ಪರೀಕ್ಷಿಸುತ್ತದೆ. ಲಿನಕ್ಸ್ ಐಎಸ್‌ಒಗೆ ಚೆನ್ನಾಗಿದೆ. ವಿಂಡೋಸ್ ಐಎಸ್‌ಒ ಕೊಟ್ಟರೆ ಪಾರ್ಟಿಶನ್ ಟೇಬಲ್ (ಡ್ರೈವ್ ಯಾವ ಯಾವ ಭಾಗವಾಗಿದೆ ಅನ್ನುವ ಪಟ್ಟಿ) ಇಲ್ಲ ಅಂತ ಎಚ್ಚರಿಸುತ್ತದೆ. ಅದನ್ನು ಕಡೆಗಣಿಸಿ ಮುಂದುವರಿದರೆ ಬೂಟ್ ಆಗದ ಡ್ರೈವ್ ಸಿಗುತ್ತದೆ.

ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಶನ್ ಟೂಲ್ ಬಗ್ಗೆ ಒಂದು ಮಾತು: ಜೀವಮಾನದಲ್ಲಿ ಒಂದೇ ಸಲ ವಿಂಡೋಸ್ ಹಾಕುವವರಿಗೆ ಅದೇ ಸಾಕು. ದೊಡ್ಡ ಡ್ರೈವ್ ಕೊಟ್ಟರೂ ಅದು ಉಪಯೋಗಿಸುವುದು 32 ಜಿಬಿ ಮಾತ್ರ. ಉಳಿದ ಜಾಗ ಕಾಣೆಯಾಯಿತು ಅಂತ ಗಾಬರಿಯಾಗಬೇಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ ಇರುತ್ತದೆ.

ಯಾವುದನ್ನೇ ಆರಿಸಿದರೂ ಕೈಕೊಡುವ ಜಾಗಗಳು ಕೆಲವಿವೆ. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಬಹುದು, ಒಂದರ ಮುಂದೆ ಯುಇಎಫ್ಐ ಅಂತ ಇರುತ್ತದೆ. ಅದನ್ನೇ ಆರಿಸಿ. ಇನ್ನೊಂದರಿಂದ (ಹಳೆಯ ಬಯಾಸ್ ರೀತಿಯಿಂದ) ಹೋದರೆ ಕೊನೆಯಲ್ಲಿ ‘ಈ ಡಿಸ್ಕ್ ಜಿಪಿಟಿ ಶೈಲಿಯದು, ಇದರಲ್ಲಿ ವಿಂಡೋಸ್ ಹಾಕಲು ಬರುವುದಿಲ್ಲ’ ಅಂತ ಇನ್‌ಸ್ಟಾಲರ್ ಜಗಳ ತೆಗೆಯುತ್ತದೆ. ಆಗ ಜನ ಡಿಸ್ಕನ್ನೇ ಅಳಿಸಲು ಹೊರಡುತ್ತಾರೆ, ಅದರ ಅಗತ್ಯವೇ ಇಲ್ಲ, ವಾಪಸ್ ಹೋಗಿ ಸರಿಯಾದ ಸಾಲಿನಿಂದ ಬೂಟ್ ಮಾಡಿ. ಬೂಟ್ ಪಟ್ಟಿ ತರಿಸಲು ಎಫ್12, ಎಫ್9, ಎಸ್ಕೇಪ್ ಅಂತ ಕೀಗಳನ್ನು ಕುಟ್ಟಿ ಸುಸ್ತಾದರೆ, ವಿಂಡೋಸ್ ಏಳುತ್ತಿರುವ ಯಂತ್ರವಾದರೆ, ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಅಂತ ಇದ್ದರೆ ಅಲ್ಲಿಂದಲೇ ಪೆನ್ ಡ್ರೈವ್ ಆರಿಸಬಹುದು.

ಲಿನಕ್ಸ್‌ನಲ್ಲಿ ವೆಂಟಾಯ್ ಡ್ರೈವ್‌ಗೆ ಐಎಸ್‌ಒ ಕಾಪಿ ಮಾಡುವವರಿಗೆ ಇನ್ನೊಂದು ಮಾತು. ಕಾಪಿ ಮುಗಿಯಿತು ಅಂತ ಪರದೆ ತೋರಿಸಿದಾಗ ನಿಜವಾಗಿ ಮುಗಿದಿರುವುದಿಲ್ಲ, ಡೇಟಾ ಇನ್ನೂ ರ್‍ಯಾಮ್‌ನಿಂದ ಡ್ರೈವ್‌ಗೆ ಇಳಿಯುತ್ತಿರುತ್ತದೆ. ಇಜೆಕ್ಟ್ ಮಾಡಿ, ತೆಗೆಯಬಹುದು ಅಂತ ಹೇಳುವ ತನಕ ಕಾಯಿರಿ. ಅನುಮಾನ ಇದ್ದರೆ ವೆಂಟಾಯ್ ಪಟ್ಟಿಯಲ್ಲಿ ಐಎಸ್‌ಒ ಮೇಲೆ ನಿಂತು ಎಮ್ ಕೀ ಒತ್ತಿ, ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಿಳಿಸುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿ ಕೊಡುತ್ತದೆ, ಡೌನ್‌ಲೋಡ್ ಪುಟದಲ್ಲಿ ಇರುವುದರ ಜೊತೆ ಹೋಲಿಸಿ ನೋಡಿ. ವಿಂಡೋಸ್ ಇನ್‌ಸ್ಟಾಲ್ ಮಧ್ಯದಲ್ಲಿ ಫೈಲ್ ಸಿಗುತ್ತಿಲ್ಲ ಅಂತ ನಿಂತರೆ ನಾನು ಮೊದಲು ನೋಡುವುದೇ ಇದನ್ನು.

ವೆಂಟಾಯ್ ವಿರುದ್ಧ ಇನ್ನೊಂದು ತಕರಾರು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅದು ಓಪನ್ ಸೋರ್ಸ್ ಆದರೂ ಅದರ ಕೋಡ್ ಜೊತೆ ಮೊದಲೇ ಕಂಪೈಲ್ ಮಾಡಿದ, ಒಳಗೇನಿದೆ ಅಂತ ಸುಲಭವಾಗಿ ಓದಿ ನೋಡಲಾಗದ ಬೈನರಿ ಫೈಲ್‌ಗಳೂ ಸೇರಿವೆ. 2024ರಲ್ಲಿ ಎಕ್ಸ್‌ಝಡ್ ಎಂಬ ಲಿನಕ್ಸ್ ಸಾಧನದಲ್ಲಿ ಹಿಂಬಾಗಿಲು ಸಿಕ್ಕಿದ ಮೇಲೆ ಈ ಪ್ರಶ್ನೆಯನ್ನು ಜನ ಜಾಸ್ತಿ ಕೇಳತೊಡಗಿದರು. ಕೇಳುವುದು ನ್ಯಾಯವೇ. ಬ್ಯಾಂಕಿನ ಅಥವಾ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿದ್ದರೆ ನಾನು ವೆಂಟಾಯ್ ಬಳಸುತ್ತಿರಲಿಲ್ಲ. ಮನೆಯ ಕಂಪ್ಯೂಟರ್‌ಗಳಿಗೆ ಅಧಿಕೃತ ಪುಟದಿಂದಲೇ ಇಳಿಸಿಕೊಂಡು ಧೈರ್ಯವಾಗಿ ಬಳಸುತ್ತೇನೆ.

ವರ್ಷಕ್ಕೊಮ್ಮೆ ವಿಂಡೋಸ್ ಹಾಕುವವರಾದರೆ, ಮನೆಯಲ್ಲಿ ಒಂದು ಚಿಕ್ಕ ಪೆನ್ ಡ್ರೈವ್ ಬಿದ್ದಿದ್ದರೆ, ಹೊಸದಕ್ಕೆ ದುಡ್ಡು ಹಾಕಬೇಡಿ, ರೂಫಸ್ ಸಾಕು. ನನ್ನ ಹಾಗೆ ಬೇರೆ ಬೇರೆ ಯಂತ್ರ, ಬೇರೆ ಬೇರೆ ಕೆಲಸ ಇರುವವರು ಒಂದು ದೊಡ್ಡ ಡ್ರೈವ್ ತಗೊಂಡು ವೆಂಟಾಯ್ ಹಾಕಿ. ಹೊಸ ಆವೃತ್ತಿ ಬಂದಾಗ ಇನ್‌ಸ್ಟಾಲ್ ಒತ್ತಬೇಡಿ, ಅದು ಎಲ್ಲವನ್ನೂ ಅಳಿಸುತ್ತದೆ. ಪಕ್ಕದಲ್ಲಿರುವ ಅಪ್‌ಡೇಟ್ ಒತ್ತಿ, ಐಎಸ್‌ಒಗಳು ಇದ್ದ ಹಾಗೇ ಇರುತ್ತವೆ. ನಾನು ಹಳೆಯ 16 ಜಿಬಿ ಡ್ರೈವ್ ಒಂದರಲ್ಲಿ ರೂಫಸ್‌ನಿಂದ ಬರೆದ ವಿಂಡೋಸ್ 11 ಇಟ್ಟುಕೊಂಡಿದ್ದೇನೆ, ಕೀಲಿ ಸೇರಿಸಲು ಬಿಡದ ಯಂತ್ರ ಎದುರಾದರೆ ಅದನ್ನು ಚುಚ್ಚುತ್ತೇನೆ.