'ಅಡುಗೆಮನೆ ಸಹಿತ' ಅಂದ್ರೆ ಗ್ಯಾಸ್ ಒಲೆ ಮಾತ್ರ ಅಂತ ಗೊತ್ತಿರಲಿಲ್ಲ

ದಾಂಡೇಲಿಯಿಂದ ಗಣೇಶಗುಡಿ ಕಡೆ ಹೋಗುವಾಗ ಕಾಡಿಗೆ ಅಂಟಿಕೊಂಡಂತೆ ಇರುವ ಒಂದು ಕಾಟೇಜಿನಲ್ಲಿ ಡಿಸೆಂಬರಲ್ಲಿ ಮೂರು ರಾತ್ರಿ ಇದ್ದೆವು. ನಾನು, ನಮ್ಮ ಮನೆಯವರು, ಅತ್ತೆ, ಮಾವ, ಇಬ್ಬರು ಮಕ್ಕಳು. ಹೆಸರು ಬೇಡ ಬಿಡಿ, ಬೈಯೋದು ಸ್ವಲ್ಪ ಜಾಸ್ತಿ ಇದೆ. ರಾತ್ರಿಗೆ 4,000 ರೂಪಾಯಿ, ಆರು ಜನಕ್ಕೆ ಅದೇನು ಹೆಚ್ಚಲ್ಲ.

ಮಾವನಿಗೆ ಶುಗರ್ ಇದೆ, ಬಿಪಿನೂ ಇದೆ. ರೆಸಾರ್ಟ್ ಬಫೆಯಲ್ಲಿ ಅವರು ತಿನ್ನುವಂಥದ್ದು ಎರಡೇ ಐಟಂ ಸಿಗುತ್ತವೆ, ಅದರಲ್ಲೊಂದು ಸೌತೆಕಾಯಿ. ಅದಕ್ಕೇ ನಾವೇ ಅಡುಗೆ ಮಾಡಿಕೊಳ್ಳುವ ಜಾಗ ಹುಡುಕಿದ್ದು. ಫೋನಲ್ಲಿ ಕೇಳಿದಾಗ 'ಎಲ್ಲಾ ಇದೆ ಮೇಡಂ, ಸಾಮಾನು ಮಾತ್ರ ತನ್ನಿ' ಅಂದರು.

ಹೋಗಿ ನೋಡಿದರೆ ಎರಡು ಬರ್ನರ್ ಒಲೆ, ಅದರಲ್ಲಿ ಒಂದು ಹತ್ತಲ್ಲ. ಲೈಟರ್ ಕಿಡಿ ಹಾರಿಸಲ್ಲ. ಕುಕ್ಕರ್ ಇದೆ, ವಿಷಲ್ ಇಲ್ಲ. ಚಾಕುವಿನಲ್ಲಿ ಟೊಮೆಟೊ ಕೊಯ್ಯಲು ಹೋದರೆ ಹಿಚುಕಿ ರಸ ಬರುತ್ತಿತ್ತೇ ಹೊರತು ಹೋಳಾಗಲಿಲ್ಲ. ಬಿಸಿ ಪಾತ್ರೆ ಇಳಿಸಲು ಇಕ್ಕಳವೂ ಇಲ್ಲ, ನನ್ನ ದುಪ್ಪಟ್ಟಾನೇ ಇಕ್ಕಳ ಆಯ್ತು. ಅತ್ತೆ ಒಂದು ಸುತ್ತು ನೋಡಿ, 'ಇದು ಅಡುಗೆಮನೆ ಅಲ್ಲವ್ವಾ, ಅಡುಗೆಮನೆ ಫೋಟೊ' ಅಂದರು.

ಉಳಿಸಿದ್ದೂ ಅತ್ತೆಯೇ. ನಾವು ದಾವಣಗೆರೆ ಕಡೆಯವರು, ಊರು ಬಿಡುವಾಗ ಅವರು ನಲವತ್ತು ಖಡಕ್ ರೊಟ್ಟಿ ಕಟ್ಟಿದಾಗ ನಾನೇ 'ಪಿಕ್ನಿಕ್‌ಗೆ ಇದೆಲ್ಲ ಯಾಕೆ' ಅಂತ ಮುಖ ಸಿಂಡರಿಸಿದ್ದೆ. ಆ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ, ದಾಂಡೇಲಿ ಪೇಟೆಯಲ್ಲಿ ಕೊಂಡ ಮೊಸರು, ಈರುಳ್ಳಿ. ಒಲೆ ಹಚ್ಚುವ ಗೋಜೇ ಇಲ್ಲ. ರೊಟ್ಟಿ ವಾರಗಟ್ಟಲೆ ಕೆಡಲ್ಲ, ಆದರೆ ತೇವ ತಾಗಿದರೆ ಮೆತ್ತಗಾಗುತ್ತದೆ. ಅದಕ್ಕೆ ಬಟ್ಟೆಯಲ್ಲಿ ಸುತ್ತಿ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಬಿಸಿದು ಬೇಕು ಅನ್ನಿಸಿದ ದಿನ ಒಂದೇ ಬರ್ನರಿನಲ್ಲಿ ಝುಣಕ ಮಾಡಿದೆವು, ಕಡಲೆಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಇದ್ದರೆ ಹತ್ತು ನಿಮಿಷ. ಸಂಜೆಗೆ ಮಂಡಕ್ಕಿ ಒಗ್ಗರಣೆ. ಅಕ್ಕಿ ಐದು ಕೆಜಿ ಒಯ್ದಿದ್ದೆ, ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ವಿಷಲ್ ಇಲ್ಲದ ಕುಕ್ಕರಿನಲ್ಲಿ ಅನ್ನ ಮಾಡುತ್ತಾ ಕೂತರೆ ಕಾಡು ನೋಡುವುದು ಯಾವಾಗ?

ನೀವು ಹೋಗುವವರಿದ್ದರೆ ನಿಮ್ಮದೇ ಚಾಕು, ಬೆಂಕಿಪೊಟ್ಟಣ, ಇಕ್ಕಳ, ಮೂರು ಲೀಟರ್ ಕುಕ್ಕರ್ ಇಟ್ಟುಕೊಳ್ಳಿ. ಟಾರ್ಚ್ ಮರೆಯಬೇಡಿ, ಎರಡನೇ ರಾತ್ರಿ ಕರೆಂಟ್ ಹೋಗಿದ್ದು ಬೆಳಗಿನವರೆಗೂ ಬರಲಿಲ್ಲ. ನಲ್ಲಿ ನೀರಿಗೆ ಕಬ್ಬಿಣದ ರುಚಿ, ಕುಡಿಯುವುದಕ್ಕೆ 20 ಲೀಟರ್ ಕ್ಯಾನ್ ದಾಂಡೇಲಿಯಲ್ಲೇ ತುಂಬಿಸಿಕೊಳ್ಳಿ. ಮಾವನ ಮಾತ್ರೆಗಳನ್ನು ನಾನು ಎರಡು ಚೀಲಕ್ಕೆ ಹಂಚಿ ಇಟ್ಟಿದ್ದೆ, ಇದೊಂದು ನನ್ನ ಜಾಣತನ ಅಂತ ಹೇಳಿಕೊಳ್ಳುತ್ತೇನೆ.

ಇನ್ನು ಮಂಗಗಳು. ಕಿಟಕಿಗೆ ಜಾಲರಿ ಇಲ್ಲ, ಇದು ಮಾತ್ರ ನಿಜವಾಗಿ ತಪ್ಪು, ದುಡ್ಡು ತಗೊಂಡವರು ಹಾಕಿಸಬೇಕಿತ್ತು. ಮೊದಲ ಬೆಳಿಗ್ಗೆಯೇ ಒಂದು ಚಿಪ್ಪು ಬಾಳೆಹಣ್ಣು ಹೋಯಿತು, ಬ್ರೆಡ್ಡೂ ಹೋಯಿತು. ಆಮೇಲೆ ಎಲ್ಲಾ ಡಬ್ಬಿಗೆ, ಡಬ್ಬಿ ಕಾರಿನ ಡಿಕ್ಕಿಗೆ.

ಮಕ್ಕಳಿರುವವರಿಗೆ ಇನ್ನೊಂದು ಮಾತು, ಇದನ್ನು ಕಾಟೇಜಿನವರು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಹಿಂದೆಯೇ ಕಾಳಿ ಹೊಳೆ ಇಳಿಜಾರು. ನೀರು ಶಾಂತವಾಗಿ ಕಾಣುತ್ತದೆ ಅಂತ ಮಕ್ಕಳನ್ನು ಬಂಡೆ ಮೇಲೆ ಬಿಡಬೇಡಿ. ಮೇಲೆ ಸೂಪಾ ಅಣೆಕಟ್ಟಿನಲ್ಲಿ ಕರೆಂಟ್ ತೆಗೆಯಲು ನೀರು ಬಿಟ್ಟರೆ ಹೊಳೆ ಏರುತ್ತದೆ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೂ ಅದೇ ನೀರಿನಿಂದ. ದಾಂಡೇಲಿ ಊರಿನ ಹತ್ತಿರವಂತೂ ಹೊಳೆಯಲ್ಲಿ ಮೊಸಳೆಗಳಿವೆ. ಪಾತ್ರೆ ತೊಳೆಯೋಣ ಅಂತ ನಾನೇ ಒಂದು ಬುಟ್ಟಿ ಎತ್ತಿಕೊಂಡು ಹೊರಟಿದ್ದೆ, ಪಕ್ಕದ ತೋಟದ ಅಜ್ಜ ಒಬ್ಬರು ಕೂಗಿ ನಿಲ್ಲಿಸಿದರು.

ಇಷ್ಟೆಲ್ಲ ಬೈದು ಐದಕ್ಕೆ ಮೂರು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಜಗಲಿಗಾಗಿ. ಬೆಳಿಗ್ಗೆ ಆರೂವರೆಗೆ ಚಳಿಯಲ್ಲಿ ಚಹಾ ಹಿಡಿದು ಕೂತಿದ್ದಾಗ ತಲೆ ಮೇಲೆ ಯಾರೋ ಬೀಸಣಿಗೆ ಜೋರಾಗಿ ಬೀಸಿದ ಹಾಗೆ ಸದ್ದು. ನೋಡಿದರೆ ಮಂಗಟ್ಟೆ ಹಕ್ಕಿಗಳ ಜೋಡಿ, ಹಾರ್ನ್‌ಬಿಲ್ ಅಂತೀವಲ್ಲ, ಅದು. ಮಾವ ಟಿವಿ ಇಲ್ಲ ಅಂತ ಮೊದಲ ದಿನ ಗೊಣಗಿದವರು, ಮೂರನೇ ದಿನ ಎಲ್ಲರಿಗಿಂತ ಮೊದಲು ಎದ್ದು ಅಲ್ಲಿ ಕೂತಿದ್ದರು.

ಡೆಪಾಸಿಟ್ ವಾರದ ಮೇಲೆ ಬಂತು, ಒಂದು ಗಾಜಿನ ಲೋಟಕ್ಕೆ 150 ರೂಪಾಯಿ ಮುರಿದುಕೊಂಡು. ಒಡೆದಿದ್ದು ಮಂಗ ಅಂತ ಫೋನ್ ಮಾಡಿ ಹೇಳಿದೆ. 'ಎಲ್ಲರೂ ಹಂಗೇ ಅಂತಾರೆ ಮೇಡಂ' ಅಂದರು.